ಅಂಚಿನಲ್ಲಿ ಪೆನ್ಸಿಲ್

ಹದಿನೈದು ದಿನಕ್ಕೊಮ್ಮೆ ಫೆರ್ರಿಯ ಹೊಟ್ಟೆಯಿಂದಿಳಿದು
ಯೆಲ್ ದ್ವೀಪಕ್ಕೆ ಬರುತ್ತದೆ ಪುಸ್ತಕದ ವ್ಯಾನು.
ಮಧ್ಯಾಹ್ನ ಮೂರಕ್ಕೇ ಕತ್ತಲು.
ಗಾಳಿ ಬಾಗಿಲು ಹಿಡಿದು ಜಗ್ಗುತ್ತದೆ.
ಹೀಟರಿಗೆ ಕೈಯೊಡ್ಡಿಕೊಂಡೇ ಗಿಬ್ಬಿ ಕೇಳುತ್ತಾನೆ:
ಹೇಗಿತ್ತು, ಥೋರಾ, ಈ ಸಲದ ಕಂತು?

ಕೈಯಲ್ಲಿ ಮೀನಿನ ವಾಸನೆ, ಸಹಿಸಿಕೋ,
ಎಷ್ಟು ಸೋಪು ಹಾಕಿದರೂ ಹೋಗದು.
ಏಳು ಗಂಟೆ ಸಾಲ್ಮನ್ ಸೀಳಿ ಬಂದಿದ್ದೇನೆ,
ಮಾತಿನ ಮುಳ್ಳು ತೆಗೆದು ಬಡಿಸುವಷ್ಟು
ಪುರುಸೊತ್ತಿಲ್ಲ.

ಇದು ಡ್ರ್ಯಾಗನ್ನಿನದು. ಆರುನೂರ ನಲವತ್ತು ಪುಟ.
ನಲವತ್ತು ಡ್ರ್ಯಾಗನ್, ಒಂದು ಕೋಟೆ,
ಒಬ್ಬಳು ರಾಣಿ, ಅವಳ ಮೇಲೆ ಮುನಿದ ಮೂವರು ತಮ್ಮಂದಿರು.
ಲದ್ದಿ ಬಾಚುವವರು ಯಾರು, ಗಿಬ್ಬಿ?
ಅವರಿಗೊಂದು ಪುಟವಾದರೂ ಬೇಡವೇ?
ಹನ್ನೊಂದು ಕುರಿಯ ಹಿಕ್ಕೆಗೇ ನನ್ನ ಸಲಿಕೆ ಸವೆದಿದೆ.

ಇದು ಮುನ್ನೂರು ವರ್ಷ ಸಾಗುವ ಹಡಗು,
ಒಂದು ನಕ್ಷತ್ರದಿಂದ ಇನ್ನೊಂದಕ್ಕೆ.
ಚೆನ್ನಾಗಿದೆ, ಅಲ್ಲಗಳೆಯುವುದಿಲ್ಲ;
ಎಂಜಿನ್ನಿನ ವರ್ಣನೆ ಓದಿದರೆ ಕೈಗೆ ಗ್ರೀಸು ಮೆತ್ತುತ್ತದೆ.
ಆದರೆ ಅಷ್ಟು ಜನ, ಒಂದೇ ಗೋಡೆಯೊಳಗೆ, ಮುನ್ನೂರು ವರ್ಷ,
ಒಬ್ಬರಾದರೂ ಪಕ್ಕದವರೊಡನೆ ಮಾತು ಬಿಟ್ಟಿಲ್ಲ!
ಇಲ್ಲಿ ಬಂದು ನೋಡಲಿ ಬರೆದವನು.
ಒಂದು ಮೊಳ ದೋಣಿ ಹಗ್ಗದ ಸಲುವಾಗಿ
ನನ್ನಜ್ಜಿಯೂ ಮ್ಯಾನ್ಸನ್ನರ ಮುದುಕಿಯೂ
ಮೂವತ್ತೆರಡು ಚಳಿಗಾಲ
ಚರ್ಚಿನ ಒಂದೇ ಬೆಂಚಿನಲ್ಲಿ ಕೂತು
ದೇವರೊಡನೆ ಮಾತ್ರ ಮಾತಾಡಿದರು.

ನಕಾಶೆಗಳ ಬಗ್ಗೆ ಹೇಳಲೇಬೇಕು.
ಮೊದಲ ಪುಟದಲ್ಲೇ ಹಾಸಿರುತ್ತಾರೆ,
ಹಳೇ ಕಾಗದದ ಬಣ್ಣ, ಮೂಲೆಗೊಂದು ತಿಮಿಂಗಿಲ.
ಬಂದರು ಇದೆ, ಬಂದರಿನ ಆಳ ಇಲ್ಲ.
ಉಬ್ಬರ ಎಷ್ಟು ಹೊತ್ತಿಗೆ? ಬಂಡೆ ಎಲ್ಲಿ ಅಡಗಿದೆ?
ಇದನ್ನು ನಂಬಿ ಹೊರಟ ಶೂರ
ಎರಡನೇ ಅಧ್ಯಾಯಕ್ಕೇ ಏಡಿಗಳ ಪಾಲು.

ಅಳುವ ಯಂತ್ರಗಳೂ ಸಾಕು.
ಈ ವರ್ಷ ನಾಲ್ಕು ಅತ್ತವು. ಐದನೆಯದು ನಕ್ಕಿತು;
ಅದನ್ನು ಇನ್ನೊಂದು ವಾರ ಇಟ್ಟುಕೊಳ್ಳುತ್ತೇನೆ.
ಭವಿಷ್ಯವಾಣಿ ಆರಿಸಿದ ಹುಡುಗ, ಆರಿಸಿದ ಹುಡುಗಿ...
ಆರಿಸದೆ ಉಳಿದವರ ಕಾದಂಬರಿ ಬಂದರೆ
ನನ್ನ ಹೆಸರಿಗೆ ತೆಗೆದಿಡು.

ಎಲ್ಲಕ್ಕೂ ಮೂಗು ಮುರಿಯುವವಳಲ್ಲ ನಾನು.
ಚಂದ್ರನ ಮೇಲೆ ಬಲೆ ಹೆಣೆಯುವ ಮುದುಕಿಯ ಕಥೆ:
ಅಲ್ಲಿ ಮೀನೆಲ್ಲಿ, ಬಲೆಯೇಕೆ, ಒಂದನ್ನೂ ಹೇಳುವುದಿಲ್ಲ.
ಆದರೆ ಗಂಟು ಸರಿಯಾಗಿದೆ.
ಓದುತ್ತಿದ್ದಂತೆ ನನ್ನ ಬೆರಳು ತಾನಾಗಿ ಆಡಿತು.
ಮಿಕ್ಕ ಸುಳ್ಳನ್ನೆಲ್ಲ ನಂಬಿದೆ.

ಇನ್ನು ಇದು. ನೀಲಿ ರಟ್ಟು.
ಕಡಲು ಏರಿದ ಮೇಲಿನ ಲೋಕ.
ರಾಜಧಾನಿ ಮುಳುಗಲು ತೊಂಬತ್ತು ಪುಟ,
ಮೆಟ್ಟಿಲು ಮೆಟ್ಟಿಲಾಗಿ ನೀರು, ತೇಲುವ ಪಿಯಾನೋ,
ಮಂತ್ರಿಯ ನಾಯಿಗೂ ಒಂದು ಸಾವು.
ನಾವು? ಹನ್ನೆರಡನೇ ಪುಟ, ಅರ್ಧ ವಾಕ್ಯ:
'ಉತ್ತರದ ದ್ವೀಪಗಳನ್ನು ಅದಾಗಲೇ ತೆರವು ಮಾಡಲಾಗಿತ್ತು,'
ಅಲ್ಪವಿರಾಮ. ಮುಂದೆ ಹವಾಮಾನ.

ಮಾಡಲಾಗಿತ್ತಂತೆ! ಮಾಡಿದವರೇ ಇಲ್ಲದ ಮಾಡುವಿಕೆ.

ಕಳೆದ ಚಳಿಗಾಲ, ಮಾಡಬಾರದ್ದು ಮಾಡಿದೆ.
ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ:
ಕುರಿಗಳನ್ನು ದಾಟಿಸಿದ್ದು ಯಾರು?
ದಂಡ ಹಾಕು, ಕೊಡುತ್ತೇನೆ.

ಅಳಿಸಿಬಿಡೋಣವೆಂದೇ ಈ ಸಲ ಮತ್ತೆ ಒಯ್ದದ್ದು.
ರಬ್ಬರು ಹಿಡಿದು ಹನ್ನೆರಡನೇ ಪುಟ ತೆರೆದರೆ
ನನ್ನ ಸಾಲಿನ ಕೆಳಗೆ ಇನ್ಯಾರದೋ ಬರಹ,
ಇಂಕು, ಎಡಕ್ಕೆ ವಾಲಿದ ಅಕ್ಷರ:
ನಾನು. ಎರಡು ಸಲ ಹೋಗಿಬಂದೆ.
ಟಗರು ಮಾತ್ರ ದೋಣಿ ಹತ್ತಲೊಪ್ಪಲಿಲ್ಲ.

ಅನ್ಸ್ಟ್‌ನವರೋ, ಫೆಟ್ಲಾರಿನವರೋ,
ನಿನ್ನ ರಿಜಿಸ್ಟರಿಗೆ ಗೊತ್ತಿರುತ್ತದೆ. ಹೇಳಬೇಡ.
ಉಳಿದವನ್ನೆಲ್ಲ ತಗೋ, ಇದರ ಅವಧಿ ಮುಂದೂಡು.
ನಿನ್ನ ಹತ್ತಿರ ಪೆನ್ಸಿಲ್ ಇದೆಯೇ?
ಆ ಟಗರು ಏನಾಯಿತೆಂದು ಕೇಳಬೇಕು.